ಗ್ಯಾನಪ್ಪ ಗೊರೇಬಾಳಕ್ಕೆ ಹಾಲಿಗೆ ಹೋದದ್ದು

ಮಸ್ಕಿಯ ಗ್ಯಾನಪ್ಪನಿಗೆ ಮೂರು ಕಡೆ ಹೆಣ್ಣು ನೋಡಿದ್ದರು. ಮೂರು ಕಡೆಯೂ ಅವನು ಬಾಯಿ ಬಿಡಲಿಲ್ಲ. ಮೊದಲ ಮನೆಯವರು ಹುಡುಗ ಬಲು ಸಂಭಾವಿತ ಎಂದರು, ಊಟ ಮುಗಿಯುವ ಹೊತ್ತಿಗೆ ಮೂಕನಿದ್ದಾನೋ ಏನೋ ಎಂದು ಹಿಂದೆ ಸರಿದರು. ಎರಡನೇ ಮನೆಯಲ್ಲಿ "ಏನು ಕೆಲಸ ಮಾಡ್ತೀಪಾ?" ಎಂದು ಕೇಳಿದ್ದಕ್ಕೆ ಎರಡೂ ಅಂಗೈ ಬಿಚ್ಚಿ ತೋರಿಸಿದ. ಉಗುರಿನ ಸಂದಿಯಲ್ಲೆಲ್ಲ ಕರಿ ಆಯಿಲು. ಹುಡುಗಿಯ ಅಜ್ಜಿ "ಕೈಗೆ ಕಾಡಿಗಿ ಹಚ್ಚಿಕೊಂಡು ಬಂದಾನಲ್ಲೇ ಯವ್ವಾ" ಎಂದು ನಕ್ಕಳು, ಸಂಬಂಧ ಆ ನಗುವಿನಲ್ಲೇ ಮುಗಿಯಿತು. ಮೂರನೆಯದಕ್ಕೆ ಹೊರಟಾಗ ದಾರಿಯಲ್ಲಿ ಒಂದು ಲಾರಿ ಕೆಟ್ಟು ನಿಂತಿತ್ತು. ಗ್ಯಾನಪ್ಪ ಹೊಸ ಬಿಳಿ ಅಂಗಿ ತೊಟ್ಟುಕೊಂಡೇ ಅದರ ಕೆಳಗೆ ಹೋಗಿ ಮಲಗಿದ. ಲಾರಿ ಹೊರಟುಹೋಯಿತು. ಇವನು ಅದೇ ಅಂಗಿಯಲ್ಲಿ ಹೆಣ್ಣಿನ ಮನೆಯ ಕಟ್ಟೆಯ ಮೇಲೆ ಹೋಗಿ ಕುಳಿತ.

"ನಿನ್ನ ಬಾಯಿಗೆ ಯಾವ ದೇವರು ಕೀಲಿ ಹಾಕ್ಯಾನಲೇ ಗ್ಯಾನ್ಯಾ?" ಎಂದು ತಾಯಿ ಆದಮ್ಮ ಹಣೆ ಬಡಿದುಕೊಂಡಳು. "ಹಾಕಿದ್ರ ಹಾಕಲಿ, ಕೀಲಿಕೈ ಎಲ್ಲಿ ಒಗದಾನಂತ ಹೇಳಬಾರದೇನು?"

ಅವಳ ಹಿರಿಯ ಮಗ ಮಸ್ಕಿಯಲ್ಲೇ ಕುರಿ ಕಾಯ್ದುಕೊಂಡು, ಹೆಂಡತಿ ಮಕ್ಕಳೊಂದಿಗೆ ಇದ್ದ. ಈ ಕಿರಿಯವನಿಗೆ ಕುರಿ ಒಗ್ಗಲಿಲ್ಲ. ಹನ್ನೆರಡು ವರ್ಷಕ್ಕೆ ಸಿಂಧನೂರಿಗೆ ಹೋಗಿ ದಾದೇಸಾಬನ ಗ್ಯಾರೇಜು ಸೇರಿದ. ಅಲ್ಲಿ ಅವನಿಗೆ ಮಾತಿನ ಅಗತ್ಯ ಬೀಳಲಿಲ್ಲ. ಅಕ್ಕಿ ಮಿಲ್ಲಿನ ಲಾರಿಗಳು ಬರುತ್ತಿದ್ದವು, ಟ್ರ್ಯಾಕ್ಟರುಗಳು ಬರುತ್ತಿದ್ದವು. ಇಂಜಿನ್ನಿಗೆ ಕಿವಿಗೊಟ್ಟು ನಿಂತರೆ ಅವೇ ತಮ್ಮ ಬೇನೆ ಹೇಳಿಕೊಳ್ಳುತ್ತಿದ್ದವು. ಹಾಗೇ ಹದಿನೇಳು ವರ್ಷ ಕಳೆದು ಅವನಿಗೆ ಇಪ್ಪತ್ತೊಂಬತ್ತಾಯಿತು.

ಗ್ಯಾರೇಜಿನ ಹಿಂದೆ ಬೇವಿನ ಮರದ ಕೆಳಗೆ ಒಂದು ವಿಚಿತ್ರ ವ್ಯಾನು ನಿಂತಿತ್ತು. ಗುಂಡು ಮೂತಿ, ಮೊಸರಿನ ಬಣ್ಣ, ಪಕ್ಕದಲ್ಲಿ ಮೇಲಕ್ಕೆತ್ತಿ ನಿಲ್ಲಿಸುವ ದೊಡ್ಡ ಕಿಟಕಿ. ಮೈಮೇಲೆ ಹಾಲು ತುಂಬಿ ತುಳುಕುವ ಒಂದು ಲೋಟದ ಚಿತ್ರ. ಹೈದರಾಬಾದಿನ ನರಸಣ್ಣ ಎಂಬ ಮುದುಕ ಊರೂರಿನ ಎಕ್ಸಿಬಿಷನ್ನುಗಳಲ್ಲಿ ಅದರಿಂದ ಐಸ್‌ಕ್ರೀಮು ಮಾರುತ್ತಿದ್ದ. ಗಾಡಿ ಇಂಗ್ಲೆಂಡಿನಲ್ಲಿ ಹುಟ್ಟಿದ್ದು, ಅದಕ್ಕೂ ತನಗೂ ಹೆಚ್ಚು ವಯಸ್ಸಿನ ಫರಕಿಲ್ಲ ಎನ್ನುತ್ತಿದ್ದ. ಲಿಂಗಸುಗೂರಿನ ಎಕ್ಸಿಬಿಷನ್ನಿನಲ್ಲಿ ಇಂಜಿನ್ನು ಕೂತುಬಿಟ್ಟಿತು. ಹಗ್ಗ ಕಟ್ಟಿ ಎಳೆಸಿ ತಂದು ದಾದೇಸಾಬನಲ್ಲಿ ಬಿಟ್ಟುಹೋದವನು ಎರಡು ವರ್ಷವಾದರೂ ಬರಲಿಲ್ಲ. ಗಾಡಿಯೊಳಗೆ ಓಣಿಯ ಕೋಳಿಗಳು ಮೊಟ್ಟೆ ಇಡತೊಡಗಿದವು. ಕೊನೆಗೆ ತೆಲುಗಿನಲ್ಲಿ ಬರೆದ ಒಂದು ಕಾಗದ ಬಂತು. ಜೊತೆಗೆ ಗಾಡಿಯ ಕಾಗದಪತ್ರಗಳೂ ಇದ್ದವು. ಮಿಲ್ಲಿನ ಗುಮಾಸ್ತ ಓದಿ ಹೇಳಿದ: ನನ್ನ ಮೊಣಕಾಲು ಹೋದವು, ಇನ್ನು ತಿರುಗಲಾರೆ. ಗಾಡಿಯನ್ನು ಗುಜರಿಗೆ ಹಾಕಬೇಡಿ. ಐಸ್‌ಕ್ರೀಮು ಮಾರುವ ಮನಸ್ಸಿನವರು ಯಾರಾದರೂ ಇದ್ದರೆ ಅವರಿಗೆ ಕೊಡಿ.

ದಾದೇಸಾಬ ಕಾಗದವನ್ನು ಮಡಚಿ ಗ್ಯಾನಪ್ಪನ ಅಂಗಿಯ ಜೇಬಿನಲ್ಲಿಟ್ಟ. "ಮಧ್ಯಾಹ್ನ ಎಲ್ಲಾರೂ ಮಲಗಿದಾಗ ನೀ ಆ ಗಾಡಿ ಹಂತೇಲಿ ಹೋಗಿ ಬಾನೆಟ್ ಎತ್ತತೀಯಂತ ನನಗ ಗೊತ್ತಿಲ್ಲೇನು ಗ್ಯಾನು? ತಗೋ. ಮಂದಿ ಲಾರಿ ಹೊಟ್ಟಿ ಕೆಳಗ ಎಷ್ಟು ದಿನ ಮಲಗ್ತಿ?"

"ಐಸ್‌ಕ್ರೀಮ್ ಮಾರಾಕ ಕೂಗಬೇಕಾಗತೈತಿ ಉಸ್ತಾದ" ಎಂದ ಗ್ಯಾನಪ್ಪ.

"ನೀ ಯಾಕ ಕೂಗ್ತಿ? ಗಾಡೀನ ಕೂಗತೈತಿ."

ಅದು ನಿಜವಾಗಿತ್ತು. ಡ್ರೈವರ್ ಸೀಟಿನ ಹಿಂದೆ ಅಂಗೈಯಗಲದ ಒಂದು ಪೆಟ್ಟಿಗೆ ಇತ್ತು. ಅದರೊಳಗೆ ಮುಳ್ಳು ಮುಳ್ಳಿನ ಒಂದು ಉರುಳೆ, ಉಕ್ಕಿನ ಬಾಚಣಿಗೆಯಂಥ ಹಲ್ಲುಗಳು. ಕೀಲಿ ಕೊಟ್ಟರೆ ಉರುಳೆ ತಿರುಗಿ ಟಿಣಿ ಟಿಣಿ ಎಂದು ಯಾವುದೋ ಪರದೇಶದ ಹಾಡು ನುಡಿಯುತ್ತಿತ್ತು. ಅದನ್ನು ತಡೆದು ನಿಲ್ಲಿಸುವ ಕೊಂಡಿ ಮಾತ್ರ ಸವೆದುಹೋಗಿತ್ತು. ಗಾಡಿ ತಗ್ಗಿಗೆ ಇಳಿದರೆ ಹಾಡು, ದಿಬ್ಬ ಏರಿದರೆ ಹಾಡು, ಬ್ರೇಕು ಒತ್ತಿದರೂ ಹಾಡು. ನಮ್ಮ ಕಡೆಯ ರಸ್ತೆಗಳ ಮೇಲೆ ಅದು ಬಾಯಿ ಮುಚ್ಚಿಕೊಂಡಿರುವ ಸಂಭವವೇ ಇರಲಿಲ್ಲ.

ಎಂಟು ತಿಂಗಳು ಕುಳಿತು ಗ್ಯಾನಪ್ಪ ಗಾಡಿಯನ್ನು ಎಬ್ಬಿಸಿದ. ಪಂಪ್‌ಸೆಟ್ಟಿನ ಒಂದು ಭಾಗ, ಹಳೇ ಜೀಪಿನ ಒಂದು ಭಾಗ, ತಾನೇ ಅರದಿಂದ ಉಜ್ಜಿ ಮಾಡಿದ್ದು ಕೆಲವು. ಎಂಬತ್ತಾರನೇ ಇಸವಿಯ ಬೇಸಿಗೆಯ ಮೊದಲಿಗೆ ಬರ್ಫದ ಕಾರ್ಖಾನೆಯಿಂದ ಕೆಂಪು, ಹಳದಿ ಐಸ್‌ಕ್ಯಾಂಡಿ ತುಂಬಿಸಿಕೊಂಡು ಹಾಡುತ್ತ ಹೊರಟ. ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಕಾಲುವೆಯ ದಾರಿ ಹಿಡಿದ. ದಾರಿ ಗೊರೇಬಾಳಕ್ಕೆ ಒಯ್ದಿತು.

ಭತ್ತದ ಗದ್ದೆಗಳಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನೋಡಿದರು. ಕಾಲುವೆಯ ದಂಡೆಯಲ್ಲಿ ಎಮ್ಮೆ ಮೇಯಿಸುತ್ತಿದ್ದ ಒಬ್ಬಳು ಕೋಲು ಹೆಗಲಿಗಿಟ್ಟು ನೇರ ಗಾಡಿಯ ಬಳಿ ಬಂದಳು. ಇಪ್ಪತ್ತನಾಲ್ಕು ಇಪ್ಪತ್ತೈದರ ಹೆಣ್ಣು. ಒಂದು ಕೆಂಪು ಕ್ಯಾಂಡಿ ಕೊಂಡು ಅಲ್ಲೇ ನಿಂತು ಪೂರ್ತಿ ತಿಂದು, ಕಡ್ಡಿಯನ್ನು ತಿರುಗಿಸಿ ನೋಡಿದಳು.

"ಯಣ್ಣ, ಇದರಾಗ ಹಾಲು ಎಲ್ಲೈತಿ?"

ಗ್ಯಾನಪ್ಪ ಇಲ್ಲ ಎಂದು ತಲೆಯಾಡಿಸಿದ.

"ಮತ್ತ ಗಾಡಿಗೆ ಹಾಲಿನ ಲೋಟ ಬರಿಸೀಯಲ್ಲ?"

"ಅದು... ಮೊದಲಿನವರು ಬರಿಸಿದ್ದು."

"ಹಂಗಾರ ಅದನ್ನ ಅಳಿಸು. ಇಲ್ಲಾ ಹಾಲು ಹಾಕು." ಕೆಂಪಾದ ನಾಲಿಗೆಯನ್ನು ಸೆರಗಿನಿಂದ ಒರೆಸಿಕೊಂಡು ಎಮ್ಮೆಗಳ ಕಡೆ ನಡೆದಳು.

ಮರುದಿನ ಬೆಳಿಗ್ಗೆ ಗ್ಯಾನಪ್ಪ ಒಂದು ಅಲ್ಯೂಮಿನಿಯಂ ಕ್ಯಾನು ಹಿಡಿದುಕೊಂಡು ಅವಳ ಮನೆ ಹುಡುಕಿಕೊಂಡು ಹೋದ. ಹುಡುಕುವುದೇನೂ ಕಷ್ಟವಾಗಲಿಲ್ಲ, ಹಾಡು ಕೇಳಿ ಅವಳೇ ಬಾಗಿಲಿಗೆ ಬಂದಿದ್ದಳು. ಹೆಸರು ಯಮನಮ್ಮ. ಮದುವೆಯಾಗಿ ಈ ಮನೆಗೆ ಬಂದ ಎರಡನೇ ವರ್ಷಕ್ಕೆ ಗಂಡ ಕಾಮಾಲೆಯಲ್ಲಿ ತೀರಿಕೊಂಡಿದ್ದ. ಆ ಮಾತಿಗೆ ಆಗ ಮೂರು ವರ್ಷ. ತವರಿಗೆ ಹೋಗು ಎಂದರೂ ಹೋಗದೆ ಮಾವ ತಾಯಪ್ಪನ ಜೊತೆ ನಾಲ್ಕು ಎಮ್ಮೆ ಸಾಕಿಕೊಂಡು ಉಳಿದಿದ್ದಳು.

"ಹಾಲು" ಎಂದ ಗ್ಯಾನಪ್ಪ.

"ಎಷ್ಟು?"

ಐದು ಬೆರಳು ಎತ್ತಿದ.

"ಬಾಯಿಲೆ ಹೇಳು ಯಣ್ಣ. ನಮ್ಮ ಎಮ್ಮಿಗೆ ಬೆರಳಿನ ಲೆಕ್ಕ ತಿಳಿಯಂಗಿಲ್ಲ."

"ಐದು ಲೀಟರ್" ಎಂದ. ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದ ತಾಯಪ್ಪ ಹಲ್ಲಿಲ್ಲದ ಬಾಯಿ ತೆರೆದು ನಕ್ಕ.

ಗಾಡಿಯಲ್ಲಿ ನರಸಣ್ಣನ ಎರಡು ಮರದ ಬಕೆಟ್ಟುಗಳಿದ್ದವು. ನಡುವೆ ತಗಡಿನ ಡಬ್ಬಿ, ಸುತ್ತ ಬರ್ಫ ಮತ್ತು ಉಪ್ಪು. ಹಿಡಿಕೆ ತಿರುಗಿಸುತ್ತ ಕುಳಿತರೆ ಡಬ್ಬಿಯೊಳಗಿನ ಹಾಲು ಗಟ್ಟಿಯಾಗುತ್ತದೆ. ಗ್ಯಾನಪ್ಪ ಹಾಲನ್ನು ಒಲೆಗಿಟ್ಟು, ಕುದಿಯುವುದರೊಳಗೆ ಗಾಡಿಯ ಒಂದು ಬೋಲ್ಟು ಬಿಗಿಮಾಡಿ ಬರೋಣವೆಂದು ಎದ್ದುಹೋದ. ತಳ ಹತ್ತಿತು. ಆದರೂ ತಿರುಗಿಸಿ ಗಟ್ಟಿ ಮಾಡಿ ಸಂಜೆ ಒಂದು ಬಟ್ಟಲಲ್ಲಿ ಗೊರೇಬಾಳಕ್ಕೆ ಒಯ್ದ.

"ಹೊತ್ತೈತಿ. ತಪ್ಪು ನಂದು. ಹಾಲು ಚಲೋ ಇತ್ತು" ಎಂದ ಬಟ್ಟಲು ಕೊಡುವ ಮೊದಲೇ. ಅಷ್ಟು ಮಾತು ಒಟ್ಟಿಗೆ ಆಡಿ ಅವನಿಗೇ ಅಭ್ಯಾಸವಿರಲಿಲ್ಲ.

ತಾಯಪ್ಪ ಮೂರು ಚಮಚ ತಿಂದು, ಕಣ್ಣು ಮುಚ್ಚಿ, "ಏ, ಭಾಳ ಚಲೋ ಐತಿ. ಹೊಗಿ ವಾಸನಿ ಬಂದ್ರ ಏನಾತು, ಹಲ್ಲಿಗೆ ಕೆಲಸ ಇಲ್ಲ" ಎಂದ. ಯಮನಮ್ಮ ಒಂದೇ ಚಮಚ ತಿಂದು ಬಟ್ಟಲು ಕೆಳಗಿಟ್ಟಳು. ಒಳಗಿನಿಂದ ಅಗಲ ಬಾಯಿಯ ಪಾತ್ರೆ ತಂದು ಒಲೆಯ ಮೇಲಿಟ್ಟು, ಸಂಜೆ ಕರೆದ ಹಾಲು ಸುರಿದು ಅವನ ಕೈಗೆ ಸೌಟು ಕೊಟ್ಟಳು. "ಸಣ್ಣ ಉರಿ. ತಿರುವ್ತಾ ಇರಬೇಕು. ಹಾಲಿಗೆ ಬೆನ್ನು ತೋರಿಸಬಾರದು, ಅದಕ್ಕ ಸಿಟ್ಟು ಬರತೈತಿ." ಐದು ಲೀಟರು ಎರಡಾಗುವ ತನಕ ಅವನನ್ನು ಒಲೆಯ ಮುಂದಿನಿಂದ ಏಳಗೊಡಲಿಲ್ಲ. ಆಮೇಲೆ ಸಕ್ಕರೆ, ಏಲಕ್ಕಿ ಪುಡಿ. ಅಷ್ಟೇ.

ಆ ಬೇಸಿಗೆಯಲ್ಲಿ ಗ್ಯಾನಪ್ಪನ ಐಸ್‌ಕ್ರೀಮು ಹೆಸರು ಮಾಡಿತು. ಮಿಲ್ಲುಗಳ ಮುಂದೆ ಹಮಾಲರು ಚೀಲ ಇಳಿಸಿ ಬಂದು ಎಲೆಯಲ್ಲಿ ಹಾಕಿಸಿಕೊಂಡು ತಿನ್ನುತ್ತಿದ್ದರು. ಸಂತೆಯ ದಿನ ಗಾಡಿ ಮಸ್ಕಿಗೆ ಹೋಗುತ್ತಿತ್ತು, ಮದುವೆಗಳಿದ್ದರೆ ಲಿಂಗಸುಗೂರಿನವರೆಗೂ. ಎಲ್ಲಿಗೆ ಹೋದರೂ ಬೆಳಗು ಗೊರೇಬಾಳದಲ್ಲೇ ಆಗುತ್ತಿತ್ತು. ಮಳೆಗಾಲ ಬಂದು ಐಸ್‌ಕ್ರೀಮು ಕೇಳುವವರು ಕಡಿಮೆಯಾದರು. ಗ್ಯಾನಪ್ಪ ಮಾತ್ರ ಸಂಜೆಯೂ ಗೊರೇಬಾಳಕ್ಕೆ ಹೋಗತೊಡಗಿದ. ಎಮ್ಮೆ ಸಂಜೆಯೂ ಹಾಲು ಕೊಡುತ್ತದಲ್ಲ, ಎಂದು ಯಾರೂ ಕೇಳದಿದ್ದರೂ ಹೇಳಿಕೊಳ್ಳುತ್ತಿದ್ದ.

ಅಲ್ಲಿ ಅವನು ಮಾತಾಡುತ್ತಿದ್ದ. ಹೇಗೆ ಶುರುವಾಯಿತೋ ಅವನಿಗೂ ತಿಳಿಯದು. ಒಲೆಯ ಮುಂದೆ ಕುಳಿತಾಗ ಕಣ್ಣು ಹಾಲಿನ ಮೇಲಿರಬೇಕು, ಎದುರಿನವರ ಮುಖ ನೋಡುವ ಸಂಕಟವಿಲ್ಲ, ಅದೇ ಕಾರಣವಿದ್ದೀತು. ಇಂಜಿನ್ನು ಕೆಮ್ಮಿದರೆ ಏನರ್ಥ, ಯಾವ ಲಾರಿಯ ಡ್ರೈವರು ಗೇರು ಬದಲಿಸುವಾಗ ದೇವರ ಹೆಸರು ಹೇಳುತ್ತಾನೆ, ಎಲ್ಲ ಹೇಳುತ್ತಿದ್ದ. ಯಮನಮ್ಮ ಸಗಣಿ ಬಳಿಯುತ್ತಲೋ ಹಿಂಡಿ ಕಲಸುತ್ತಲೋ ಕೇಳುತ್ತಿದ್ದಳು. ನಡುನಡುವೆ ಅವಳು ಕೇಳುವ ಪ್ರಶ್ನೆ ಸರಿಯಾಗಿ ಬೋಲ್ಟಿನ ಮೇಲೇ ಪಾನಾ ಕೂತಂತೆ ಇರುತ್ತಿತ್ತು.

ಶ್ರಾವಣದ ಒಂದು ಸಂಜೆ ಸಿಂಧನೂರಿಗೆ ಮರಳುವಾಗ ಗ್ಯಾನಪ್ಪನಿಗೆ ಒಂದು ಸಂಗತಿ ಹೊಳೆದು ಗಾಡಿಯನ್ನು ರಸ್ತೆಯ ಬದಿಗೆ ನಿಲ್ಲಿಸಿದ. ಯಮನಮ್ಮ ತನ್ನನ್ನು 'ಯಣ್ಣ' ಎನ್ನುವುದನ್ನು ಬಿಟ್ಟಿದ್ದಳು. ಯಾವಾಗ ಬಿಟ್ಟಳು? ನಾಗರ ಪಂಚಮಿಗೆ ಉಂಡೆ ಕೊಟ್ಟಾಗ ಅಂದಿದ್ದಳೇ? ಇಲ್ಲ. ಅದಕ್ಕೂ ಹಿಂದೆ? ಈಗ 'ಇಲ್ಲಿ ಕೇಳು', 'ಅದನ್ನ ಹಿಡಿ' ಎನ್ನುತ್ತಾಳೆ, ಮುಂದೆ ಹೆಸರೂ ಇಲ್ಲ ಸಂಬಂಧವೂ ಇಲ್ಲ. ಮರುದಿನ ಗ್ಯಾರೇಜಿಗೆ ಹೋಗಿ, ಬೇರೆ ಯಾರದೋ ವಿಷಯವೆಂಬಂತೆ ದಾದೇಸಾಬನನ್ನು ಕೇಳಿದ.

ದಾದೇಸಾಬ ಬೀಡಿ ಆರಿಸಿ ಗಂಭೀರನಾದ. "ಅರೇ, ಅದು ಸಣ್ಣ ಮಾತಲ್ಲ ಬೇಟಾ. ನಮ್ಮ ರಹೀಮಾಬೀ ನನ್ನ ಭಾಯಿ ಅನ್ನೋದು ಬಿಟ್ಟ ವರ್ಷಾನ ನಮ್ಮ ಶಾದಿ ಆತು."

ಆದರೆ ಗ್ಯಾನಪ್ಪನಿಗಿಂತ ಮೊದಲೇ ಇದು ಊರಿಗೆ ತಿಳಿದಿತ್ತು. ಬೇರೆ ಗಂಡಸಾದರೆ ಗುಟ್ಟಾಗಿ ಬಂದು ಹೋಗಬಹುದಿತ್ತು; ಇವನು ಬರುವುದು ಎರಡು ಹೊಲದಾಚೆಗೇ ಕೇಳುತ್ತಿತ್ತು. ಗದ್ದೆಯ ಹೆಂಗಸರು ಟಿಣಿ ಟಿಣಿ ಕೇಳಿ "ಯಮನವ್ವ, ನಿನ್ನ ಗಾಡಿ ಬಂತು" ಎನ್ನುತ್ತಿದ್ದರು. ಭಾದ್ರಪದದ ಒಂದು ಸಂಜೆ ಚಹಾದ ಅಂಗಡಿಯ ಅಂಬಪ್ಪ, ಹತ್ತು ಮಂದಿ ಕುಳಿತಿದ್ದಾಗ, ಗಾಡಿಗೆ ಕೈ ಅಡ್ಡ ಮಾಡಿ ಕೇಳಿದ: "ಏನ್ ಗ್ಯಾನಪ್ಪ, ಸಂಜಿ ಹಾಲು ಸಿಂಧನೂರಾಗ ಸಿಗಂಗಿಲ್ಲೇನು?"

ಹತ್ತು ಮಂದಿ ನಕ್ಕರು. ಗ್ಯಾನಪ್ಪನ ಕಿವಿ ಕೆಂಪಾದವು. ತನ್ನ ಇಜ್ಜತ್ತಿನ ಚಿಂತೆ ಅವನಿಗಿರಲಿಲ್ಲ. ಆ ನಗು ನಾಳೆ ಯಮನಮ್ಮ ನೀರಿಗೆ ಹೋದಾಗ ಅವಳ ಬೆನ್ನ ಹಿಂದೆ ಕೇಳುತ್ತದಲ್ಲ ಎಂಬುದು ಚುಚ್ಚಿತು. ಹಾಲು ತರದೆ ಅಲ್ಲಿಂದಲೇ ಗಾಡಿ ತಿರುಗಿಸಿದ. ಗ್ಯಾರೇಜಿಗೆ ಬಂದವನೇ ಸೀಟಿನ ಹಿಂದಿನ ನಾಲ್ಕು ಸ್ಕ್ರೂ ಬಿಚ್ಚಿ, ಪೆಟ್ಟಿಗೆಯನ್ನು ಅರಿವೆಯಲ್ಲಿ ಸುತ್ತಿ ಇಟ್ಟುಬಿಟ್ಟ.

ಮರುದಿನದಿಂದ ಗಾಡಿ ಸುಮ್ಮನೆ ಬಂದು ಸುಮ್ಮನೆ ಹೋಯಿತು. ಮೊದಲ ದಿನ ಯಮನಮ್ಮ ಕೊಟ್ಟಿಗೆಯಲ್ಲಿದ್ದಳು, ಅವನು ಬಂದದ್ದೇ ತಿಳಿಯಲಿಲ್ಲ. ತಾಯಪ್ಪನೇ ಹಾಲು ಅಳೆದು ಕೊಟ್ಟ. ಎರಡನೇ ದಿನವೂ ಹಾಗೇ ಆಯಿತು. ಮೂರನೇ ದಿನ ಅವಳು ಓಣಿಯ ತುದಿಯಲ್ಲೇ, ಬೇಲಿಗೆ ಒರಗಿ ನಿಂತಿದ್ದಳು. ಕೈ ಎತ್ತಿ ಗಾಡಿ ನಿಲ್ಲಿಸಿದಳು.

"ಗಾಡಿ ಬಾಯಿ ಯಾಕ ಮುಚ್ಚಿಸಿದಿ?"

"ಮಂದಿ ಮಾತಾಡಾಕತ್ತಾರ."

"ಮಂದಿ ಮಾತಾಡಾಕತ್ತಿ ಮೂರು ತಿಂಗಳಾತು. ನಿನಗ ಈಗ ಕೇಳಿಸೇತೇನು?"

"ನನ್ನಿಂದ ನಿನಗ ಮಾತು ಬರಬಾರದು."

"ಗಾಡಿ ಹಾಡ್ಕೊಂತ ಬಂದ್ರ ಹಾಲಿಗೆ ಬಂದಾನ ಅಂತಾರ. ಹಿಂಗ ಸಪ್ಪಳ ಇಲ್ಲದಂಗ ಬಂದ್ರ ಏನಂತಾರ, ನೀನ ಹೇಳು."

ಗ್ಯಾನಪ್ಪ ಇದನ್ನು ಯೋಚಿಸಿರಲಿಲ್ಲ. ಗಾಡಿಯಿಂದ ಇಳಿದು ನಿಂತ. ಒಲೆಯಿರಲಿಲ್ಲ, ಹಾಲಿರಲಿಲ್ಲ, ಕಣ್ಣಿಡಲು ಜಾಗವಿರಲಿಲ್ಲ. ಅವಳ ಮುಖವನ್ನೇ ನೋಡಬೇಕಾಯಿತು.

"ನಾ ಬರೇ ಹಾಲಿಗೆ ಬರಾಕತ್ತಿಲ್ಲ" ಎಂದ.

"ಗೊತ್ತೈತಿ" ಎಂದಳು ಯಮನಮ್ಮ. "ಬರೇ ಹಾಲಿಗೆ ಬರಾವ ಕ್ಯಾನು ಮರತು ಬರಂಗಿಲ್ಲ."

ಅವನು ತನ್ನ ಕೈ ನೋಡಿಕೊಂಡ, ಗಾಡಿಯೊಳಗೆ ಬಗ್ಗಿ ನೋಡಿದ. ಕ್ಯಾನು ಇರಲಿಲ್ಲ. ಇಬ್ಬರಿಗೂ ನಗು ಬಂತು. ಆದರೆ ಅವಳ ನಗು ಬೇಗ ನಿಂತಿತು.

"ಇಲ್ಲಿ ಕೇಳು. ನನಗ ಒಲ್ಲೆ ಅನ್ನಾಕ ಮನಸಿಲ್ಲ. ಆದ್ರ ನಾ ಈ ಮನಿ ಬಿಟ್ಟು ಬರಾಕ ಆಗಂಗಿಲ್ಲ. ತನ್ನ ಮಗ ಹ್ವಾದ ದಿನ, ನನಗ ಒಂದು ಕೆಟ್ಟ ಮಾತು ಅಂದವರನ್ನ ನಮ್ಮ ಮಾವ ಅಂಗಳದಿಂದ ಎಬ್ಬಿಸಿ ಕಳಿಸ್ಯಾನ. ಅವನನ್ನ ಹೆಂಗ ಬಿಟ್ಟು ಬರಲಿ?"

ಗ್ಯಾನಪ್ಪ ತಲೆಯಾಡಿಸಿದ. ಅವಳು ಹೇಳಿದ್ದು ಸರಿಯಾಗಿತ್ತು, ಅದಕ್ಕೇ ಹೆಚ್ಚು ಕಷ್ಟವಾಯಿತು. "ಗಾಡಿ ಮಾತ್ರ ಹಾಡಲಿ" ಎಂದಳು ಅವಳು, ಹಿಂದೆ ತಿರುಗುವಾಗ.

ಮುಂದಿನ ಒಂದು ವಾರ ಅವನು ಬೆಳಿಗ್ಗೆ ಬಂದು, ಹಾಲು ಹಾಕಿಸಿಕೊಂಡು ಹೋದ. ಒಲೆಯ ಮುಂದೆ ಕೂರಲಿಲ್ಲ. ಯಮನಮ್ಮನೂ ಕೂರು ಎನ್ನಲಿಲ್ಲ. ಎಮ್ಮೆಗಳು ತಮ್ಮಷ್ಟಕ್ಕೆ ಮೆಲುಕು ಹಾಕುತ್ತಿದ್ದವು. ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದ ತಾಯಪ್ಪ ಇಬ್ಬರನ್ನೂ ನೋಡುತ್ತ, ಹೊಸೆದ ಹಗ್ಗವನ್ನೇ ಬಿಚ್ಚಿ ಮತ್ತೆ ಹೊಸೆಯುತ್ತಿದ್ದ. ಸೊಸೆ ಓಣಿಯ ತುದಿಯಲ್ಲಿ ಆಡಿದ ಮಾತು ಬೇಲಿಯ ಈಚೆಗಿದ್ದ ಅವನ ಕಿವಿಗೆ ಬಿದ್ದಿತ್ತು. ಹಲ್ಲು ಹೋಗಿದ್ದರೂ ಕಿವಿ ಹೋಗಿರಲಿಲ್ಲ.

ಎಂಟನೇ ದಿನ ಗ್ಯಾನಪ್ಪ ಬಂದಾಗ ತಾಯಪ್ಪ ಮಡಿ ಧೋತರ ಉಟ್ಟು, ರುಮಾಲು ಸುತ್ತಿ ಕುಳಿತಿದ್ದ. ಎದ್ದು ಗಾಡಿಯ ಮುಂದಿನ ಸೀಟು ಹತ್ತಿದ.

"ನಡಿ ತಮ್ಮ, ಮಸ್ಕಿಗೆ."

"ಮಸ್ಕಿಗ್ಯಾಕ್ರಿ ಯಜಮಾನ್ರ?"

"ನಿಮ್ಮವ್ವನ ಹಂತೇಲಿ ಸ್ವಲ್ಪ ಕೆಲಸ ಐತಿ. ಯಾರಿಗೂ ಸುದ್ದಿ ಮಾಡಬ್ಯಾಡ. ಇಂಥ ಮಾತು ನಾಕು ಕಿವಿಗೆ ಬೀಳದಂಗ ಆಡಬೇಕು."

ಹಾಡಿನ ಪೆಟ್ಟಿಗೆಯನ್ನು ಗ್ಯಾನಪ್ಪ ಹಿಂದಿನ ದಿನವಷ್ಟೇ ಮತ್ತೆ ಕೂರಿಸಿದ್ದ. ಮನಸ್ಸಿಲ್ಲದ ಕೈ ಮಾಡಿದ ಕೆಲಸ. ಕೊಂಡಿ ಎಲ್ಲೋ ಸಿಕ್ಕಿಕೊಂಡಿತ್ತು. ಮಸ್ಕಿಯ ಗುಡ್ಡ ಕಾಣುವ ಹೊತ್ತಿಗೆ ಗಾಡಿ ಒಂದು ದೊಡ್ಡ ತಗ್ಗಿಗೆ ಇಳಿಯಿತು. ಹಾಡು ಶುರುವಾದದ್ದು ನಿಲ್ಲಲಿಲ್ಲ. ಗ್ಯಾನಪ್ಪ ಒಂದು ಕೈ ಹಿಂದೆ ಚಾಚಿ ಪೆಟ್ಟಿಗೆಗೆ ಗುದ್ದಿದ. ಅದು ಇನ್ನೂ ಜೋರಾಯಿತು. ಬಜಾರಿನೊಳಗೆ ಹೋಗುವಾಗ ಹಿಂದೆ ಇಪ್ಪತ್ತು ಮಕ್ಕಳು ಓಡಿಬರುತ್ತಿದ್ದರು, ಅಂಗಡಿಗಳವರು ತಕ್ಕಡಿ ಬಿಟ್ಟು ಹೊರಗೆ ಬಂದಿದ್ದರು. ತಾಯಪ್ಪ ಮೊದಲು ತಲೆ ತಗ್ಗಿಸಿದ. ಆಮೇಲೆ, ಆದದ್ದಾಗಲಿ ಎಂದು ರುಮಾಲು ಸರಿಮಾಡಿಕೊಂಡು, ಎಡಕ್ಕೂ ಬಲಕ್ಕೂ ನಮಸ್ಕಾರ ಮಾಡುತ್ತ ಕುಳಿತ.

ಆದಮ್ಮ ಮನೆಯ ಮುಂದೆ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದಳು. ಮೆರವಣಿಗೆ ತನ್ನ ಬಾಗಿಲಿಗೇ ಬಂದು ನಿಂತದ್ದು ನೋಡಿ ಮೊರದೊಂದಿಗೆ ಎದ್ದು ನಿಂತಳು. ಗ್ಯಾನಪ್ಪ ಸೀಟಿನ ಹಿಂದೆ ತಲೆ ತೂರಿಸಿ ಪೆಟ್ಟಿಗೆಯೊಂದಿಗೆ ಗುದ್ದಾಡುತ್ತಿದ್ದ. ತಾಯಪ್ಪ ಒಬ್ಬನೇ ಇಳಿದು ಬಂದ. ತಾನು ಯಾರು, ತನ್ನ ಸೊಸೆ ಯಾರು, ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿದ.

ಆದಮ್ಮನ ಮುಖ ಬಿಗಿಯಿತು. "ನನ್ನ ಮಗಗ ಇದು ಮೊದಲನೇ ಲಗ್ನ. ನಿಮ್ಮ ಸೊಸಿದು ಉಡಕಿ. ನಮ್ಮ ಹುಡುಗಗ ಏನು ಕಮ್ಮಿ ಆಗೈತಿ?"

"ಏನೂ ಕಮ್ಮಿ ಆಗಿಲ್ಲವ್ವ. ಅದಕ್ಕ ಕೇಳಾಕ ಬಂದೀನಿ. ನಮ್ಮನಿಗೆ ಆರು ತಿಂಗಳಾತು ಬರಾಕತ್ತಾನ. ನಮ್ಮ ಸೊಸಿ ಕೂಡ ಎಷ್ಟು ಚಂದ ಮಾತಾಡ್ತಾನ..."

"ಯಾರು ಮಾತಾಡ್ತಾನ?"

"ನಿನ್ನ ಮಗ."

"ಗ್ಯಾನ್ಯಾ?" ಆದಮ್ಮ ಮೊರವನ್ನು ಕಟ್ಟೆಯ ಮೇಲಿಟ್ಟಳು. "ಏನ್ ಮಾತಾಡ್ತಾನ?"

"ಎಲ್ಲಾ. ಇಂಜಿನ್ನಿಂದು, ರಸ್ತೆದು, ಸಣ್ಣಾವಿದ್ದಾಗ ಕುರಿ ಕಳಕೊಂಡಿದ್ದು. ಒಮ್ಮೆ ಹಚ್ಚಿದ್ರ ನಿಲ್ಲಂಗಿಲ್ಲ. ಆ ಹುಡುಗಿ ಕೇಳ್ಕೋತ ನಗತೈತಿ. ಆ ನಗು ನಮ್ಮನ್ಯಾಗ ಮೂರು ವರ್ಷ ಇದ್ದಿಲ್ಲ."

ಆದಮ್ಮ ಗಾಡಿಯ ಕಡೆ, ಸೀಟಿನ ಹಿಂದೆ ಬಗ್ಗಿದ್ದ ಮಗನ ಬೆನ್ನಿನ ಕಡೆ ನೋಡಿದಳು. ಗಾಡಿಯ ಹಾಡು ಅಷ್ಟರಲ್ಲಿ ಹೇಗೋ ನಿಂತಿತ್ತು. ಕುರಿ ಕಳೆದದ್ದನ್ನು ಮಗ ತನ್ನೆದುರು ಇವತ್ತಿನವರೆಗೆ ಬಾಯಿ ಬಿಟ್ಟು ಹೇಳಿರಲಿಲ್ಲ.

"ಇನ್ನೊಂದು ಮಾತೈತಿ" ಎಂದ ತಾಯಪ್ಪ, ಈ ಸಲ ತುಸು ಅಳುಕಿ. "ಆಕಿ ನನ್ನ ಬಿಟ್ಟು ಬರಂಗಿಲ್ಲಂತ. ನಾ ಹೋಗು ಅಂದ್ರೂ ಹೋಗಂಗಿಲ್ಲ, ಹಟದಾಕಿ. ಅದಕ್ಕ ನಿನ್ನ ಮಗನ್ನ ನಮ್ಮನಿಗೆ ಕೊಡು ಅಂತ ಕೇಳಾಕತ್ತೀನಿ. ಉಡಿಯೊಡ್ಡಿ ಕೇಳ್ತೀನಿ ನೋಡವ್ವ."

"ಗಂಡುಮಗನ್ನ ಕೇಳಾಕ ಗಾಡಿ ಕಟ್ಟಿಕೊಂಡು ಬಂದವರನ್ನ ಇವತ್ತು ನೋಡಿದೆ" ಎಂದಳು ಆದಮ್ಮ. "ಮೊದ್ಲ ಹುಡುಗಿನ್ನ ನೋಡ್ತೀನಿ."

ಅದೇ ಗಾಡಿಯಲ್ಲಿ, ಅದೇ ದಿನ ಗೊರೇಬಾಳಕ್ಕೆ ಬಂದಳು. ಮನೆಯೊಳಗೆ ಹೋಗದೆ ನೇರ ಕೊಟ್ಟಿಗೆಗೆ ಹೋಗಿ ಎಮ್ಮೆಗಳ ಕೆಚ್ಚಲು ನೋಡಿದಳು, ಬಾನಿಯ ನೀರಿನಲ್ಲಿ ಕೈಯಾಡಿಸಿದಳು, ನೆಲದ ಸಗಣಿ ನೋಡಿದಳು. ಎಲ್ಲ ಚೊಕ್ಕಟವಾಗಿತ್ತು. ಬಾಗಿಲಲ್ಲಿ ಬೆವರುತ್ತ ನಿಂತಿದ್ದ ಯಮನಮ್ಮನನ್ನು ಕೇಳಿದಳು:

"ನನ್ನ ಮಗನಾಗ ನಿನಗ ಏನು ಕಂಡೈತಬೇ?"

ಯಮನಮ್ಮ ಯೋಚಿಸಿ ಹೇಳಿದಳು: "ಹೊತ್ತಿದ ಐಸ್‌ಕ್ರೀಮ್ ತಂದು, ಹೊತ್ತೈತಿ ಅಂತ ತಾನ ಹೇಳಿದನ್ರಿ. ತಪ್ಪು ಹಾಲಿನ ಮ್ಯಾಲ ಹಾಕಲಿಲ್ಲ."

ಆದಮ್ಮ ಸೊಂಟದ ಸಂಚಿಯಿಂದ ಎಲೆ ಅಡಿಕೆ ತೆಗೆದು ಅರ್ಧ ತಾನು ಹಾಕಿಕೊಂಡು ಅರ್ಧ ಅವಳಿಗೆ ಕೊಟ್ಟಳು.

ಒಂದೇ ತಕರಾರು ಉಳಿದಿತ್ತು. ಉಡಕಿ, ಅಂದರೆ ಸೀರೆ ಕೊಟ್ಟು ಮಾಡುವ ವಿಧವೆಯ ಮರುಮದುವೆ, ಕತ್ತಲಾದ ಮೇಲೆ, ನಾಲ್ಕೇ ಮಂದಿಯ ಮುಂದೆ ಆಗಬೇಕು. ಹಾಗೆ ನಡೆದುಬಂದದ್ದು ಎಂದರು ಊರ ಹಿರಿಯರು. ತಾಯಪ್ಪ ಜೀವಮಾನದಲ್ಲಿ ಹಿರಿಯರ ಮಾತು ಮೀರಿದವನಲ್ಲ. ಅಂದು ಎದ್ದು ನಿಂತ. "ನಮ್ಮ ಸೊಸಿ ಕಳ್ಳತನ ಮಾಡಿಲ್ಲ. ಈ ಹುಡುಗ ಬಂದಿದ್ದೂ ಹಾಡ್ಕೋತ, ಊರಿಗೆಲ್ಲ ಕೇಳ್ಸಿ ಬಂದಾನ. ಹಗಲೊತ್ತಿನ್ಯಾಗ ಸೀರಿ ಕೊಡ್ತೀನಿ, ಬರಾವರು ಬರ್ರಿ." ಬರದೆ ಉಳಿದವರು ಮೂರು ನಾಲ್ಕು ಮನೆಯವರು ಮಾತ್ರ. ದೀಪಾವಳಿಗೆ ಮುಂಚೆ, ಮಟ ಮಟ ಮಧ್ಯಾಹ್ನ, ಅಂಗಳದ ಚಪ್ಪರದ ಕೆಳಗೆ ಉಡಕಿಯಾಯಿತು. ರಹೀಮಾಬೀ ಹಸಿರು ಬಳೆ ತಂದಿದ್ದಳು. ಚಹಾದಂಗಡಿಯ ಅಂಬಪ್ಪ ಮರದ ಬಕೆಟ್ಟಿನ ಮುಂದೆ ಕುಳಿತು, ಯಾರೂ ಹೇಳದೆ, ಸಂಜೆಯವರೆಗೆ ಹಿಡಿಕೆ ತಿರುಗಿಸಿದ.

ಗಂಡು ಹೆಣ್ಣಿನ ಮನೆಗೆ, ಅದೂ ಅವಳ ಮೊದಲ ಗಂಡನ ತಂದೆಯ ಮನೆಗೆ ಬಂದು ಇದ್ದಾನೆ ಎಂದು ಒಂದು ವರ್ಷ ಜನ ಆಡಿಕೊಂಡರು. ಮರುವರ್ಷ ಮಗಳು ಹುಟ್ಟಿದಳು, ಆಡಿಕೊಳ್ಳಲು ಬೇರೆಯವರು ಸಿಕ್ಕರು. ಮಗಳಿಗೆ ಕನಕಮ್ಮ ಎಂದು ಹೆಸರಿಟ್ಟರು. ಎಮ್ಮೆ ನಾಲ್ಕಿದ್ದವು ಏಳಾದವು. ತಾಯಪ್ಪ ತೊಂಬತ್ತೆರಡರ ಸುಗ್ಗಿಯಲ್ಲಿ, ನಾಲ್ಕು ದಿನ ಮಲಗಿ ಹೋದ. ಕೊನೆಯ ದಿನಗಳಲ್ಲಿ ಅವನು ತಿಂದದ್ದು ಗ್ಯಾನಪ್ಪ ಚಮಚದಲ್ಲಿ ಕೊಟ್ಟ ಐಸ್‌ಕ್ರೀಮು ಒಂದೇ. ಮಗನ ಕೈಯಿಂದಾಗುವ ಕೆಲಸವನ್ನೆಲ್ಲ ಗ್ಯಾನಪ್ಪನೇ ಮಾಡಿದ, ಯಾರೂ ಅದಕ್ಕೆ ಎರಡು ಮಾತಾಡಲಿಲ್ಲ.

ಆಮೇಲೆ ಸಿಂಧನೂರಿನ ಅಂಗಡಿಗಳಿಗೆ ಫ್ರಿಜ್ಜು ಬಂದವು, ಬಣ್ಣದ ಕಪ್ಪುಗಳಲ್ಲಿ ಐಸ್‌ಕ್ರೀಮು ಬಂತು. ದಿನದ ವ್ಯಾಪಾರ ಇಳಿಯಿತು. ಮದುವೆಯವರು ಮಾತ್ರ ಗ್ಯಾನಪ್ಪನನ್ನೇ ಹುಡುಕಿಕೊಂಡು ಬರುತ್ತಿದ್ದರು. ತೊಂಬತ್ತಾರರಲ್ಲಿ ಅವನ ಬಲಗಣ್ಣಿಗೆ ಪೊರೆ ಬಂದು ರಾಯಚೂರಿನಲ್ಲಿ ಆಪರೇಷನ್ನು ಎಂದಾಯಿತು. ಮದುವೆಯ ತಿಂಗಳು ಹತ್ತಿರದಲ್ಲಿತ್ತು. ಬಾಡಿಗೆ ಡ್ರೈವರನ್ನು ಇಟ್ಟುಕೊಳ್ಳೋಣ ಎಂದ ಗ್ಯಾನಪ್ಪ.

"ಈ ಗಾಡಿ ಇನ್ನೊಬ್ಬರ ಮಾತು ಕೇಳತೈತೇನು?" ಎಂದಳು ಯಮನಮ್ಮ. "ನನಗ ಕಲಿಸು."

ಆಪರೇಷನ್ನಿಗೆ ಮುಂಚೆ, ಕಾಲುವೆಯ ದಂಡೆಯ ಮೇಲೆ ದಿನಾ ಬೆಳಿಗ್ಗೆ ಕಲಿಸಿದ. ಮೊದಲ ವಾರ ಗಾಡಿ ಎರಡು ಸಲ ಬೇಲಿಗೆ ನುಗ್ಗಿತು. ಕ್ಲಚ್ಚು ಎನ್ನುವುದು ಹಾಲು ಕರೆಯುವ ಮೊದಲು ಕೆಚ್ಚಲು ಸವರಿ ಎಮ್ಮೆಯ 'ಸೊರ' ಇಳಿಸುವ ಹಾಗೆ, ಅವಸರ ಮಾಡಬಾರದು ಎಂದು ಅವನು ಹೇಳಿದ ದಿನದಿಂದ ಸಲೀಸಾಯಿತು. ಲೈಸೆನ್ಸಿನ ಪರೀಕ್ಷೆಯಲ್ಲಿ ಸಾಹೇಬರು ಗಾಡಿಯನ್ನು ಹಿಂದಕ್ಕೆ ತೆಗೆದುಕೊಳ್ಳಿ ಎಂದರು. "ಹಿಂದಕ್ಕ ಏನೈತ್ರಿ ಸಾಹೇಬ್ರ?" ಎಂದಳಂತೆ, ಆದರೂ ಗೆರೆ ಮುಟ್ಟದೆ ಹಿಂದಕ್ಕೆ ತೆಗೆದಳು. ಸಾಹೇಬರು ನಗುತ್ತಲೇ ಸಹಿ ಹಾಕಿದರು.

ಮುದಗಲ್ಲಿನ ಒಂದು ಮದುವೆಗೆ ಇನ್ನೂರು ಮಂದಿಯ ಐಸ್‌ಕ್ರೀಮು ಒಪ್ಪಿಕೊಂಡಿದ್ದರು. ನಸುಕಿನಲ್ಲಿ ಬರ್ಫ ತುಂಬಿಸಿ ಯಮನಮ್ಮ ಗಾಡಿ ಹೊರಡಿಸಿದಳು. ಪಕ್ಕದಲ್ಲಿ ಆಪರೇಷನ್ನು ಮುಗಿಸಿಕೊಂಡು ಬಂದಿದ್ದ ಗ್ಯಾನಪ್ಪ, ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು. ಡಾಕ್ಟರು ಎರಡೂ ಕಣ್ಣಿಗೆ ವಿಶ್ರಾಂತಿ ಬೇಕೆಂದಿದ್ದರು.

"ಮುಂದ ಏನು ಬಂತು?" ಎಂದು ಅವನು ಕೇಳುತ್ತಿದ್ದ.

"ಬಂಡಿ. ಎರಡು ಬಿಳಿ ಎತ್ತು. ಕೋಡಿಗೆ ಬಣ್ಣ ಹಚ್ಯಾರ."

"ಹಾರ್ನ್ ಹೊಡಿಬ್ಯಾಡ, ಬೆದರತಾವ."

"ಹೊಡಿಯಂಗಿಲ್ಲ ಬಿಡು... ಈಗ ಮಸ್ಕಿ ಗುಡ್ಡ ಕಾಣಾಕತ್ತೈತಿ. ಬಿಸಿಲು ಬಿದ್ದು ಕೆಂಪಗಾಗೈತಿ."

ಲಿಂಗಸುಗೂರಿನ ಬಸ್‌ಸ್ಟ್ಯಾಂಡಿನ ಹತ್ತಿರ ನಿಲ್ಲಿಸಿ ಚಹಾ ಕುಡಿದರು. ಬಸ್ಸಿಗೆ ಕಾಯುತ್ತಿದ್ದವರು ಡ್ರೈವರ್ ಸೀಟಿನ ಹೆಂಗಸನ್ನು ಬಿಟ್ಟ ಕಣ್ಣು ಬಿಟ್ಟ ಹಾಗೆಯೇ ನೋಡಿದರು. "ಎಷ್ಟು ಮಂದಿ ನೋಡಾಕತ್ತಾರ?" ಎಂದು ಗ್ಯಾನಪ್ಪ ಕೇಳಿದ. "ಎಣಿಸಾಕ ಪುರಸೊತ್ತಿಲ್ಲ" ಎಂದು ಅವಳು ಗೇರು ಹಾಕಿದಳು.

ಮುದಗಲ್ಲಿನ ಕೋಟೆಯ ಹತ್ತಿರದ ಮದುವೆಮನೆಯ ಮುಂದೆ ಗಾಡಿ ನಿಂತಾಗ ಹೆಣ್ಣಿನ ಕಾಕಾ ಓಡಿಬಂದ. ಕಣ್ಣು ಕಟ್ಟಿಕೊಂಡ ಗ್ಯಾನಪ್ಪನನ್ನೂ ಸ್ಟೇರಿಂಗಿನ ಹಿಂದಿದ್ದ ಯಮನಮ್ಮನನ್ನೂ ನೋಡಿ ಗಾಬರಿಯಾಗಿ ಗಾಡಿಯ ಸುತ್ತ ಒಂದು ಸುತ್ತು ಹಾಕಿದ.

"ಡ್ರೈವರ್ ಎಲ್ಲಿ ಹೋದನ್ರಿ?"

ಯಮನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೆಳಗಿಳಿದು, ಹಿಂದಿನ ಬಾಗಿಲು ತೆಗೆದಳು.

"ಮೊದ್ಲ ಇಳಿಸಾಕ ನಾಕು ಮಂದಿನ್ನ ಕರೀರಿ ಕಾಕಾರ" ಎಂದಳು. "ಬರ್ಫ ಕರಗಾಕತ್ತೈತಿ."